ಹತ್ತನೇ ಮೆಟ್ಟಲಿಗೆ ಏರಿದ ಕನಕಪ್ಪ

ಕುರಿ ವ್ಯಾಪಾರಿಯ ಬಾಯಿಂದ ಮೊದಲು ಬೀಳುವ ಮಾತನ್ನು ನಂಬುವವನು ಒಂದೋ ಹುಚ್ಚನಿರಬೇಕು, ಇಲ್ಲಾ ವಿಪರೀತ ಓದಿದವನಿರಬೇಕು. ದೇವದುರ್ಗದ ಸಂತೆಗೆ ಒಮ್ಮೆ ಹೋಗಿ ಬಂದವರಿಗೆಲ್ಲ ಇದು ಗೊತ್ತು. ವ್ಯಾಪಾರಿ ಆಕಾಶದಿಂದ ಶುರು ಮಾಡುತ್ತಾನೆ. ಗಿರಾಕಿ "ಕುರಿ ಮಾರಾಕತ್ತೀಯೋ, ಆನಿ ಮಾರಾಕತ್ತೀಯೋ?" ಎಂದು ಬೈದು ಎದ್ದು ಹೋಗುತ್ತಾನೆ. ವ್ಯಾಪಾರಿ ಅವನ ಅಂಗಿ ಹಿಡಿದೆಳೆದು ಮತ್ತೆ ಕೂರಿಸುತ್ತಾನೆ. ಒಬ್ಬ ಇಳಿಯುತ್ತ, ಒಬ್ಬ ಏರುತ್ತ, ಎಲ್ಲೋ ಒಂದು ಕಡೆ ಇಬ್ಬರೂ ಸೇರಿ, ಚಹಾ ಕುಡಿದು, ಎದುರಿನವನನ್ನು ಮನಸ್ಸಿನಲ್ಲೇ ಕಳ್ಳನೆಂದು ಬೈದುಕೊಂಡು ಮನೆ ಸೇರುತ್ತಾರೆ. ಮರ್ಯಾದಸ್ಥರು ಬದುಕುವ ರೀತಿಯೇ ಇದು.

ಕನಕಪ್ಪ ಅಂಥ ಮರ್ಯಾದಸ್ಥ. ಒಮ್ಮೆ ಸಿರವಾರದ ಯಾವನೋ ಭತ್ತದ ಸಾವುಕಾರ ಇವನು ಹೇಳಿದ ಮೊದಲ ದರಕ್ಕೇ ತಲೆಯಾಡಿಸಿ ಟಗರು ಹೊಡೆದುಕೊಂಡು ಹೋಗಿಬಿಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಕನಕಪ್ಪನಿಗೆ ಜ್ವರ ಬಂತು. "ಚೌಕಾಶಿನೇ ಮಾಡಲಿಲ್ಲ ಆ ಮನುಷ್ಯ. ನನ್ನ ಮಾರಿ ನೋಡಿದ್ರ ನಾಕು ಮಾತು ಆಡಬೇಕು ಅನಸಲಿಲ್ಲೇನು ಅವನಿಗೆ?" ಎಂದು ಕಂಬಳಿಯ ಒಳಗಿಂದ ನರಳಿದ.

ಅವನ ಹೆಂಡತಿ ಬೂದೆಮ್ಮ ಕಲಿತದ್ದೂ ಇದೇ ವಿದ್ಯೆ, ಆದರೆ ತಿರುವುಮುರುವು. ಆಕೆ ನೆಲದಿಂದ ಶುರು ಮಾಡುತ್ತಾಳೆ. ಬೀಗರ ಮನೆಯಲ್ಲಿ "ಊಟ ಆತೇನವ್ವಾ?" ಎಂದರೆ ಹಸಿದು ಕಣ್ಣು ಕತ್ತಲೆ ಬಂದಿದ್ದರೂ "ಆಗ್ಯಾದ" ಎನ್ನುತ್ತಾಳೆ. ಅವರು ರಟ್ಟೆ ಹಿಡಿದೆಳೆದು ತಾಟಿನ ಮುಂದೆ ಕೂರಿಸಬೇಕು. ಹೊಸ ಸೀರೆ ಬೇಕೇನು ಎಂದರೆ ಬ್ಯಾಡ ಎನ್ನುತ್ತಾಳೆ. ಆ ಬ್ಯಾಡವನ್ನು ನಿಜವೆಂದು ತಿಳಿದು ಸುಮ್ಮನಾದ ಗಂಡನನ್ನು ಆಮೇಲೆ ದೇವರೇ ಕಾಯಬೇಕು. ಮೇಲಿನಿಂದ ಇಳಿಯುವ ಗಂಡ, ಕೆಳಗಿನಿಂದ ಏರುವ ಹೆಂಡತಿ. ಮಕ್ಕಳನ್ನು ಮದುವೆ ಮಾಡಿ ಕಳಿಸುವವರೆಗೂ ಈ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇಂಥವರಿರುವ ಊರಿಗೆ, ರಾಯಚೂರಿನ ಒಂದು ಕಾಲೇಜಿನಿಂದ, ಸವಿತಾ ಎಂಬ ಹುಡುಗಿ ಸುಖ ಅಳೆಯಲು ಬಂದಳು.

ದೇವದುರ್ಗಕ್ಕೆ ಕೂಗಳತೆಯಲ್ಲಿರುವ ಊರು ಅದು. ಬಸ್ಸು ನಿಲ್ಲುವ ಜಾಗದಲ್ಲಿ ಗುಲಾಮ್ ದಸ್ತಗೀರನ ಚಹಾ ಹೋಟೆಲು. ಹೋಟೆಲಿಗೆ ಹೊಸದಾಗಿ ತಗಡು ಹಾಕಿಸಿದ್ದ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ತಗಡು ತೋರಿಸುತ್ತಿದ್ದ. ಸವಿತಾ ಅದರ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊಬೈಲು ತೆಗೆದಳು. ಮಂದಿ ಸೇರಿತು.

"ಕುರಿ ಸಾಕೋರು, ಗದ್ದಿ ಮಾಡೋರು, ಪ್ಯಾಟಿಯಾಗ ಆಟೋ ಓಡಸೋರು, ಹಿಂಗ ಬ್ಯಾರೆ ಬ್ಯಾರೆ ಮಂದಿ ಮನಸಿನಾಗ ಎಷ್ಟು ಖುಷಿಯಾಗಿ ಅದಾರ ಅಂತ ನೋಡಾಕತ್ತೀವ್ರಿ. ಮನಃಶಾಸ್ತ್ರದ ಸಂಶೋಧನಾ," ಎಂದಳು.

ಗದ್ದೆಪ್ಪ ಮುಂದೆ ಬಂದ. ಇವನೂ ಕುರಿ ವ್ಯಾಪಾರಿ, ಕನಕಪ್ಪನ ಎದುರು ಮನೆಯವನು. ಇಬ್ಬರೂ ಒಂದೇ ಸಂತೆಯಲ್ಲಿ ಅಕ್ಕಪಕ್ಕ ಕುಳಿತು ಒಬ್ಬರ ಕುರಿಗೆ ಇನ್ನೊಬ್ಬರು ಕೆಮ್ಮು ಇದೆ ಎಂದು ಗಿರಾಕಿಗೆ ಹೇಳುವಷ್ಟು ಆತ್ಮೀಯರು.

"ಖುಷಿ ಇದ್ದೋರಿಗೆ ಸರಕಾರ ಏನರ ಕೊಡ್ತದೇನ್ರಿ?" ಎಂದು ಕೇಳಿದ.

"ಇಲ್ರಿ."

"ಮತ್ತ ದುಃಖ ಇದ್ದೋರಿಗೆ?"

"ಅದಕ್ಕೂ ಇಲ್ರಿ."

ಅರ್ಧ ಮಂದಿ ಎದ್ದು ಹೋದರು. ಉಳಿದವರು ಬಸ್ಸಿಗೆ ಕಾಯುವವರು, ಮನೆಗೆ ಹೋದರೆ ಕೆಲಸ ಹೇಳುತ್ತಾರೆಂಬ ಭಯ ಇದ್ದವರು, ಮತ್ತು ಕನಕಪ್ಪ.

ಸವಿತಾ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. "ಇದು ನಿಚ್ಚಣಿಕಿ ರೀ. ಹತ್ತು ಮೆಟ್ಟಲು. ತುದಿಗೆ ಇದ್ರ ನಿಮಗ ಸಿಗಬೇಕಾದ ಬಾಳ್ವೆ ಪೂರಾ ಸಿಕ್ಕದ ಅಂತ. ನೆಲಕ್ಕಿದ್ರ ಏನೂ ಇಲ್ಲ ಅಂತ. ನೀವು ಎಷ್ಟನೇ ಮೆಟ್ಟಲ್ದಾಗ ಅದೀರಿ, ಹೇಳ್ರಿ."

ಮುದುಕಿ ಪಾರ್ವತೆಮ್ಮ ಮೊಬೈಲನ್ನು ಮೂಗಿಗೆ ಹಚ್ಚಿಕೊಂಡು ನೋಡಿದಳು. "ಯವ್ವಾ, ಇದು ರೈಲಿನ ಹಳಿ ಇದ್ದಂಗ ಅದ. ಇದರ ಮ್ಯಾಲೆ ನಿಂತ್ರ ಸುಖ ಹೆಂಗವ್ವ ಸಿಗತದ?"

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಗುಣ ದೇವರು ಕೆಲವರಿಗೆ ಕೊಟ್ಟಿರುತ್ತಾನೆ. ಕನಕಪ್ಪನಿಗೆ ಕೊಟ್ಟಿರಲಿಲ್ಲ. "ಓದಿದೋರ ಮಾತು ಇವ್ಕ ತಿಳಿಯಂಗಿಲ್ಲ ಬಿಡವ್ವಾ. ತಡಿ, ನಾ ತೋರಸ್ತೀನಿ," ಎಂದು ಮನೆಗೆ ಓಡಿ, ಮಾಳಿಗೆ ಹತ್ತುವ ನಿಚ್ಚಣಿಕೆಯನ್ನು ಹೊತ್ತು ತಂದು ಹೋಟೆಲಿನ ಗೋಡೆಗೆ ಆನಿಸಿದ. ಎಣಿಸಿದರೆ ಅದಕ್ಕೆ ಒಂಬತ್ತೇ ಮೆಟ್ಟಲು.

"ಹತ್ತನೇದು?" ಎಂದು ಗದ್ದೆಪ್ಪ ಕೇಳಿದ.

"ತಗಡು," ಎಂದ ಕನಕಪ್ಪ.

"ಅರೇ ಭಾಯ್, ತಗಡು ಹೊಸಾದು ಅದ! ತಗಡು ಬ್ಯಾಡ!" ಎಂದು ಗುಲಾಮ್ ದಸ್ತಗೀರ್ ಒಳಗಿಂದ ಕೂಗಿದ. ವಿಜ್ಞಾನ ನಡೆಯುವಾಗ ತಗಡಿನವರ ಮಾತು ಯಾರು ಕೇಳುತ್ತಾರೆ?

ಸವಿತಾ "ಏರೋದು ಬ್ಯಾಡ್ರಿ, ಮನಸಿನಾಗ ಅಂದುಕೊಂಡ್ರ ಸಾಕು" ಎಂದು ಬೇಡಿಕೊಳ್ಳುತ್ತಿರುವಾಗಲೇ ಗದ್ದೆಪ್ಪ ಧೋತ್ರ ಎತ್ತಿ ಕಟ್ಟಿ ಸರಸರ ಏರಿ ಒಂಬತ್ತನೇ ಮೆಟ್ಟಲಿನಲ್ಲಿ ನಿಂತ. ಅಲ್ಲಿಂದ ಕನಕಪ್ಪನನ್ನು ನೋಡಿ ಮೀಸೆ ಮೇಲೆ ಕೈ ಆಡಿಸಿದ. ಸವಿತಾ ನಿಟ್ಟುಸಿರು ಬಿಟ್ಟು ಒಂಬತ್ತು ಎಂದು ಒತ್ತಿದಳು.

ಎದುರು ಮನೆಯವನು ಒಂಬತ್ತಾದ ಮೇಲೆ ಇವನಿಗೆ ಉಳಿದದ್ದು ಒಂದೇ ಜಾಗ. ಗದ್ದೆಪ್ಪ ಇಳಿದ ಕೂಡಲೇ ಕನಕಪ್ಪ ಏರಿದ, ಏರಿದ, ತಗಡಿನ ಮೇಲೇ ಹತ್ತಿ ನಿಂತ. ತಗಡು ಢಬ್ ಎಂದಿತು. ಗುಲಾಮ್ ದಸ್ತಗೀರ್ ಎದೆ ಹಿಡಿದುಕೊಂಡ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹತ್ತು ಎಂಬುದು ಕನಕಪ್ಪನ ನಿಜವಾದ ದರ ಆಗಿರಲಿಲ್ಲ. ಹುಡುಗಿ "ಹತ್ತು ಭಾಳ ಆತು, ಇಳೀರಿ" ಎನ್ನುತ್ತಾಳೆ, ಇವನು ಎಂಟಕ್ಕೆ ಬರುತ್ತಾನೆ, ಆಕೆ ಐದು ಎನ್ನುತ್ತಾಳೆ, ಕೊನೆಗೆ ಆರಕ್ಕೆ ಬಿಟ್ಟುಕೊಡುವುದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಏರಿದ್ದ.

"ಹತ್ತು. ಥ್ಯಾಂಕ್ಸ್ ರೀ," ಎಂದು ಸವಿತಾ ಮೊಬೈಲು ಒತ್ತಿ ಮುಂದಿನವರ ಕಡೆ ತಿರುಗಿದಳು.

ಕನಕಪ್ಪ ತಗಡಿನ ಮೇಲೆ ನಿಂತೇ ಇದ್ದ. "ಯವ್ವಾ, ಮತ್ತ?"

"ಆತಲ್ರಿ."

"ಏನೂ ಕೇಳಂಗಿಲ್ಲೇನು? ಹತ್ತಂದ್ರ ಹತ್ತೇ ಬರಕೊಳ್ಳದ?"

"ನೀವು ಹೇಳಿದ್ದೇ ಬರಕೊಳ್ಳದು ರೀ. ಅದೇ ಸಂಶೋಧನಾ."

ಸಿರವಾರದ ಸಾವುಕಾರ ತರಿಸಿದ ಜ್ವರ ಮತ್ತೆ ಏರಿದಂತಾಗಿ ಕನಕಪ್ಪ ಹುಡುಗಿಯ ಕಡೆ ಒಂದು ಹೆಜ್ಜೆ ಮುಂದೆ ಬಂದ. ತಗಡು ಕಿರ್ರೆಂದಿತು. ಅಷ್ಟರಲ್ಲಿ ಗಂಡ ನಿಚ್ಚಣಿಕೆ ಎಲ್ಲಿಗೆ ಹೊತ್ತೊಯ್ದನೆಂದು ಹುಡುಕಿಕೊಂಡು ಬೂದೆಮ್ಮ ಬಂದಳು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತರಬೇಕಿತ್ತು ಆಕೆಗೆ. ಸವಿತಾ ಆಕೆಗೂ ಎಲ್ಲ ತಿಳಿಸಿ ಹೇಳಿ ಅದೇ ಪ್ರಶ್ನೆ ಕೇಳಿದಳು.

ಬೂದೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರನೇ ಮೆಟ್ಟಲಿಗೆ ಏರಿ, ನಿಂತಳು.

ನಿಂತು, ತಲೆಯೆತ್ತಿ ಗಂಡನ ಮುಖ ನೋಡಿದಳು. ಈಗ ಗಂಡ ಅನ್ನಬೇಕು: ಮೂರ್ಯಾಕಬೇ, ನಿನಗೇನು ಕಡಿಮಿ ಆಗ್ಯಾದ, ಬಾ ಮ್ಯಾಲೆ. ಆಕೆ ಅನ್ನಬೇಕು: ಅಯ್ಯ, ಸಾಕು ಬಿಡು. ಅವನು ಮತ್ತೆ ಅನ್ನಬೇಕು. ಎಂಟರವರೆಗೆ ಹೋಗಲು ಆಕೆ ಮನಸ್ಸಿನಲ್ಲಿ ತಯಾರಿದ್ದಳು. ಆದರೆ ಕನಕಪ್ಪನ ಪೂರ್ತಿ ಗಮನ ಕಾಲಡಿಯಲ್ಲಿ ಬಾಗುತ್ತಿದ್ದ ತಗಡಿನ ಮೇಲಿತ್ತು. ಅವನು ಹೆಂಡತಿಯ ಕಡೆ ನೋಡಿದ, ಮತ್ತು ಆಡಬಾರದ ಒಂದೇ ಮಾತು ಆಡಿದ.

"ಜಲ್ದಿ ಇಳಿ, ನಾ ಇಳೀಬೇಕು."

"ಮೂರು. ಥ್ಯಾಂಕ್ಸ್ ರೀ ಅಕ್ಕಾ," ಎಂದಳು ಸವಿತಾ.

ಪಾರ್ವತೆಮ್ಮ ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಗಂಡ ಹತ್ತು, ಹೇಣ್ತಿ ಮೂರು! ಇದೆಂಥ ಸಂಸಾರವ್ವಾ!"

ಬೂದೆಮ್ಮ ನಿಧಾನವಾಗಿ ಇಳಿದಳು. ಸೆರಗು ಬಿಚ್ಚಿ ಸರಿಮಾಡಿಕೊಂಡಳು. ಆಮೇಲೆ ಕೇಳಿದ್ದು ಊರಿಗೆಲ್ಲ ಕೇಳುವಂತೆ ಕೇಳಿದಳು. "ಒಂದೇ ಮನಿಯಾಗ ಉಣ್ತೀವಿ. ನಾ ಮೂರಕ್ಕ ಅದೀನಿ, ನೀ ಹತ್ತಕ್ಕ ಹೋಗಿ ನಿಂತೀದಿ. ಯಾರ ಹೆಗಲ ಮ್ಯಾಲೆ ಕಾಲಿಟ್ಟು ಏರಿದ್ಯೋ ಮೂಳ?"

"ಬೂದೀ, ಅದು ಬರೇ ದರ ಹೇಳಿದ್ದು..."

ಆಕೆ ನಿಚ್ಚಣಿಕೆ ಕಿತ್ತುಕೊಂಡು ಹೆಗಲ ಮೇಲೆ ಹಾಕಿಕೊಂಡು ಮನೆಗೆ ನಡೆದಳು. ಗಂಡ ತಗಡಿನ ಮೇಲೇ ಉಳಿದ. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ನಮ್ಮ ಕಡೆ ಸಿಟ್ಟು ಬಂದವರು ತವರು ಸೇರಲು ಗಂಡನ ಕಿಸೆಗೆ ಕೈ ಹಾಕಬೇಕಾಗಿಲ್ಲ. ಆಧಾರ್ ಕಾರ್ಡು ಸಾಕು. ಸ್ವಲ್ಪ ಹೊತ್ತಿನಲ್ಲೇ ಬೂದೆಮ್ಮ ಕೈಚೀಲ ಹಿಡಿದು ವಾಪಸು ಬಂದು, ಹೋಟೆಲಿನ ಮುಂದೆಯೇ ಬಸ್ಸು ಹತ್ತಿದಳು. ಹತ್ತನೇ ಮೆಟ್ಟಲಿನಿಂದ ಕನಕಪ್ಪನಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಬಸ್ಸಿನ ನೆತ್ತಿ, ಅದರ ಧೂಳು, ಆಮೇಲೆ ಬರೀ ರಸ್ತೆ.

"ಕನಕಪ್ಪಾ," ಎಂದ ಗುಲಾಮ್ ದಸ್ತಗೀರ್ ಕೆಳಗಿನಿಂದ, "ಚಹಾ ಮ್ಯಾಲೆ ಕಳಸ್ಲೇನು?"

ಬೂದೆಮ್ಮನ ತವರು ಮಾನ್ವಿ ತಾಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆ. ಮಾರನೇ ದಿನ ಕನಕಪ್ಪ ಫೋನು ಮಾಡಿದರೆ ಎತ್ತಿದವನು ಆಕೆಯ ತಮ್ಮ ಪ್ರಭುರಾಜ.

"ಮಾವಾ, ಅಕ್ಕ ಮಾತಾಡಂಗಿಲ್ಲಂತ. ಹತ್ತರಿಂದ ಇಳಿದ ಮ್ಯಾಲೆ ಬಾ ಅಂದಾಳ."

"ಇಳಿದೀನಲ್ಲೋ! ಗದ್ದೆಪ್ಪನ ನಿಚ್ಚಣಿಕಿ ತಂದು ಇಳಿಸಿದ್ರು!"

"ಆ ಹತ್ತಲ್ಲ. ರಾಯಚೂರಾಗ ಬರದಿಟ್ಟಾರಲ್ಲ, ಆ ಹತ್ತು. ಅದು ಇಳೀಬೇಕಂತ." ಒಳಗಿನಿಂದ ಬೂದೆಮ್ಮನ ದನಿ ಕೇಳಿಸಿತು: "ಇಳೀಲಿಲ್ಲಂದ್ರ ಅಲ್ಲೇ ತಗಡಿನ ಮ್ಯಾಲೆ ಇನ್ನೊಂದು ಮದಿವಿ ಆಗಂತ ಹೇಳು!" ಫೋನು ಕಟ್ಟಾಯಿತು.

ಊರು ಸುಮ್ಮನಿರಲಿಲ್ಲ. ಕನಕಪ್ಪ ಸಂತೆಯಲ್ಲಿ ಟಗರಿನ ಕಿವಿ ಹಿಡಿದು ದರ ಹೇಳಿದರೆ ಗಿರಾಕಿ ನಗುತ್ತಿದ್ದ. "ನೀ ಹತ್ತರಾಗ ಅದೀದೋ ಮಾರಾಯ. ನಮ್ಮಂಥ ನಾಕರ ಮಂದಿ ಹೊಟ್ಟಿ ಮ್ಯಾಲೆ ಯಾಕ ಹೊಡೀತಿ? ಅರ್ಧಕ್ಕ ಕೊಡು." ಸಿರವಾರದಲ್ಲಿ ಕನಕಪ್ಪನಿಗೆ ಇನ್ನೊಂದು ಮನೆ ಇದೆಯಂತೆ, ಅದಕ್ಕೇ ಅಷ್ಟು ಖುಷಿಯಂತೆ ಎಂದು ಗದ್ದೆಪ್ಪ ಯಾರಿಗೂ ಹೇಳಲಿಲ್ಲ, "ಹಂಗ ಅಂತ ನಾ ಹೇಳಂಗಿಲ್ಲಪ್ಪ" ಎಂದು ಮಾತ್ರ ಎಲ್ಲರಿಗೂ ಹೇಳಿದ. ಪಂಚಾಯ್ತಿಯಲ್ಲಿ ಕೆಲಸ ಮಾಡುವ ಸುಭಾಷ್ ಮನೆ ಮುಂದೆ ಬೈಕು ನಿಲ್ಲಿಸಿ, ಇಳಿಯದೆಯೇ ಮಾತಾಡಿದ.

"ಕಾಕಾ, ನಿನ್ನದು ಹತ್ತು ಅಂತ ಸುದ್ದಿ ಅದ. ಪೂರಾ ಸುಖದಾಗ ಇದ್ದ ಮನುಷ್ಯಾಗ ರೇಷನ್ ಅಕ್ಕಿ ಯಾಕಂತ ನಾಳಿ ಯಾರರ ಕೇಳಿದ್ರ ನಾ ಏನ್ ಹೇಳ್ಲಿ?"

"ಆಕಿ ಹೋಗ್ಯಾಳಪ್ಪ ಸುಭಾಷ್. ಎಲ್ಲಿ ಬಂತು ಸುಖ?"

"ಅದೇ ನೋಡು. ಮಂದಿ ಅದನ್ನೇ ಅನ್ನಾಕತ್ತಾರ."

ಮನೆಯಲ್ಲಿ ಕನಕಪ್ಪ ತಾನೇ ರೊಟ್ಟಿ ಬಡಿದ. ಅದು ಒಂದು ಕಡೆ ಸುಟ್ಟು, ಒಂದು ಕಡೆ ಹಸಿಯಾಗಿ, ನಡುವೆ ಕೈಯಚ್ಚು ಮೂಡಿ ಸಿದ್ಧವಾಯಿತು. ಕುರಿಮರಿಯ ಮುಂದೆ ಹಾಕಿದ. ಮರಿ ಮೂಸಿ ನೋಡಿ ಹಿಂದಕ್ಕೆ ಸರಿಯಿತು. ಕುರಿ ತಿನ್ನದ ವಸ್ತುವೂ ಭೂಮಿಯ ಮೇಲೆ ಇದೆ ಎಂದು ತಿಳಿದ ಆ ಕ್ಷಣದಲ್ಲೇ ಅವನು ಒಗೆದ ಅಂಗಿ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದ.

ಕಾಲೇಜಿನಲ್ಲಿ ಸವಿತಾಳ ಮೇಲಿನ ಪ್ರೊಫೆಸರ್ ಒಬ್ಬರಿದ್ದರು. ದೊಡ್ಡ ಕನ್ನಡಕ, ಸಣ್ಣ ಮನುಷ್ಯ. ಕನಕಪ್ಪ ಬಾಗಿಲಲ್ಲಿ ನಿಂತು ಹೆಸರು ಹೇಳುತ್ತಿದ್ದಂತೆ ಅವರು ಕುರ್ಚಿಯಿಂದ ಜಿಗಿದು ಬಂದು ಎರಡೂ ಕೈ ಹಿಡಿದುಕೊಂಡರು.

"ಹತ್ತು! ನೀವೇನಾ ಆ ಹತ್ತು?"

"ಹೌದ್ರಿ ಸಾಹೇಬ್ರ. ಅದನ್ನ ಇಳಸ್ರಿ ಅಂತ ಬೇಡಕೊಳ್ಳಾಕ..."

"ಕೂತ್ಕೊಳ್ಳಿ, ಕೂತ್ಕೊಳ್ಳಿ! ನಾವು ಆಟೋದವರನ್ನು ಕೇಳಿದೆವು, ಗುಂಜಹಳ್ಳಿಯ ರೈತರನ್ನು ಕೇಳಿದೆವು, ಬ್ಯಾಂಕಿನವರನ್ನು ಕೇಳಿದೆವು. ಬ್ಯಾಂಕಿನವರಂತೂ ನಾಲ್ಕಕ್ಕಿಂತ ಮೇಲೆ ಹತ್ತಲೇ ಇಲ್ಲ. ಇಡೀ ಜಿಲ್ಲೆಯಲ್ಲಿ ಹತ್ತು ಅಂದವರು ನೀವೊಬ್ಬರೇ. ಕುರಿ ಸಾಕುವವರ ಗುಂಪು ಎಲ್ಲರಿಗಿಂತ ಮೇಲೆ ಹೋಗಿ ಕೂತಿದೆ, ನಿಮ್ಮಿಂದ!"

"ಅದನ್ನ ಆರು ಮಾಡ್ರಿ ಸಾಹೇಬ್ರ. ನಿಮಗ ಬ್ಯಾಡಂದ್ರ ಏಳು."

"ಛೆ ಛೆ! ಎಂಥ ವಿನಯ!" ಎಂದು ಪ್ರೊಫೆಸರ್ ಸವಿತಾಳ ಕಡೆ ತಿರುಗಿದರು. "ನೋಡಿದಿರಾ? ನಿಜವಾದ ಸುಖಿ ತನ್ನ ಸುಖವನ್ನೂ ಹಂಚಿಕೊಳ್ಳಲು ತಯಾರು."

ಕನಕಪ್ಪ ಐದಕ್ಕೆ ಬಂದ. ನಾಲ್ಕಕ್ಕೂ ಬಂದ. ಗಿರಾಕಿಯೇ ಮೇಲಿನ ದರ ಬಿಡದೆ, ವ್ಯಾಪಾರಿ ತಾನೇ ಇಳಿಸುತ್ತ ನಿಂತ ಇಂಥ ವ್ಯಾಪಾರ ದೇವದುರ್ಗದ ಸಂತೆ ಎಂದೂ ಕಂಡಿರಲಿಲ್ಲ. ಪ್ರೊಫೆಸರ್ ಅವನ ರಟ್ಟೆ ಹಿಡಿದು ಎದ್ದರು. "ಮಕ್ಕಳು ನಿಮ್ಮನ್ನು ನೋಡಬೇಕು" ಎಂದು ಪಕ್ಕದ ಕೋಣೆಗೆ ಎಳೆದುಕೊಂಡೇ ಹೋದರು. ಅಲ್ಲಿ ಕ್ಲಾಸು ತುಂಬಾ ಹುಡುಗ ಹುಡುಗಿಯರು. ಕನಕಪ್ಪನನ್ನು ಹಲಗೆಯ ಮುಂದೆ ನಿಲ್ಲಿಸಿ ಕೈಗೆ ಮೈಕು ಕೊಟ್ಟರು. ಮೈಕು ಸಿಕ್ಕರೆ ದೊಡ್ಡ ದೊಡ್ಡವರಿಗೇ ಬುದ್ಧಿ ನೆಟ್ಟಗಿರುವುದಿಲ್ಲ.

"ಹೇಳಿ, ನಿಮ್ಮ ಸುಖದ ಗುಟ್ಟೇನು?" ಎಂದರು ಪ್ರೊಫೆಸರ್.

ಕನಕಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಏನ್ ಗುಟ್ಟು ರೀ? ನಾ ಹತ್ತಕ್ಕ ಏರಿದೆ, ನನ್ನ ಹೇಣ್ತಿ ಮನಿ ಬಿಟ್ಟು ಹೋದ್ಲು!"

ಹಿಂದಿನ ಬೆಂಚಿನಿಂದ ಒಂದು ಚಪ್ಪಾಳೆ. ಆಮೇಲೆ ಎಲ್ಲರದೂ. ಹುಡುಗರು ಬೆಂಚು ಬಡಿದರು. ಒಬ್ಬ ಸಿಳ್ಳೆ ಹೊಡೆದ. ಇನ್ನೊಬ್ಬ ಮೊದಲಿನಿಂದಲೂ ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

"ಅಂದರೆ ಹೆಂಡತಿ ಹೋದ ಮೇಲೆ ಹತ್ತಕ್ಕೆ ಏರಿದಿರಿ," ಎಂದರು ಪ್ರೊಫೆಸರ್, ಪೆನ್ನು ತೆಗೆಯುತ್ತ.

"ಅಲ್ರೀ ಸಾಹೇಬ್ರ! ಏರಿದ ಮ್ಯಾಲೆ ಹೋದ್ಲು!"

"ಯಾವುದು ಮೊದಲು ಎಂಬುದು ಆಮೇಲಿನ ಮಾತು. ಒಟ್ಟಿನಲ್ಲಿ ಎರಡಕ್ಕೂ ಸಂಬಂಧ ಇದೆ," ಎಂದು ಪ್ರೊಫೆಸರ್ ಮಕ್ಕಳ ಕಡೆ ಬೆರಳೆತ್ತಿದರು. "ಗಮನಿಸಿ, ಸಂಬಂಧ ಇದೆ!"

ಕನಕಪ್ಪ ಮೈಕನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದ. ಸವಿತಾ ಓಡಿ ಬಂದು ಹಿಡಿದಳು. ಪಾಪ, ಹುಡುಗಿಯ ಮುಖ ಸಪ್ಪಗಾಗಿತ್ತು.

"ತಪ್ಪಾತ್ರಿ ಕಾಕಾ. ಒಮ್ಮಿ ಬರದಿದ್ದು ಇಳಸಾಕ ಬರಂಗಿಲ್ಲ. ಆದ್ರ ಎರಡನೇ ಸುತ್ತು ಅಂತ ಅದ. ಎಲ್ಲಾರ್ಗೂ ಫೋನ್ ಮಾಡಿ ಮತ್ತ ಕೇಳ್ತೀವಿ. ನಿಮಗ ಮೊದಲು ಮಾಡ್ತೀನಿ. ಆವಾಗ ಖರೇ ಇದ್ದದ್ದು ಹೇಳ್ರಿ."

"ಖರೇನ?" ಎಂದ ಕನಕಪ್ಪ. "ಮೊದಲನೇ ಮಾತಿಗೇ?"

"ಮೊದಲನೇ ಮಾತಿಗೇ ರೀ."

ಕನಕಪ್ಪ ತಲೆ ಕೊಡವಿ ಹೊರಟ. ಊರಿಗೆ ಹೋಗಿ ಫೋನಿಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ನೇರವಾಗಿ ಮಾನ್ವಿಯ ಬಸ್ಸು ಹತ್ತಿ, ಅಲ್ಲಿಂದ ಚೀಕಲಪರ್ವಿಗೆ ಒಂದು ಟಂಟಂ ಹಿಡಿದ. ಆದರೆ ಈ ಕಾಲದಲ್ಲಿ ಮನುಷ್ಯ ಬಸ್ಸಿನಲ್ಲಿ ಹೋಗುತ್ತಾನೆ, ಅವನ ಮಾನ ವಾಟ್ಸಾಪಿನಲ್ಲಿ ಹೋಗುತ್ತದೆ. ಯಾವುದು ಮೊದಲು ಮುಟ್ಟುತ್ತದೆಂದು ಹೇಳಬೇಕಾಗಿಲ್ಲ.

ಮಾವನ ಮನೆಯ ಅಂಗಳಕ್ಕೆ ಕಾಲಿಟ್ಟರೆ ಓಣಿಯೆಲ್ಲ ಅಲ್ಲೇ ಸೇರಿತ್ತು. ನಡುವೆ ಪ್ರಭುರಾಜ ಮೊಬೈಲು ಎತ್ತಿ ಹಿಡಿದಿದ್ದ. ಮೊಬೈಲಿನೊಳಗೆ ಕನಕಪ್ಪ "ನನ್ನ ಹೇಣ್ತಿ ಮನಿ ಬಿಟ್ಟು ಹೋದ್ಲು!" ಎಂದು ಕೂಗುತ್ತಿದ್ದ, ಚಪ್ಪಾಳೆ ಬೀಳುತ್ತಿತ್ತು. ಯಾರೋ ಪುಣ್ಯಾತ್ಮ ಅದರ ಮೇಲೆ 'ಸುಖದ ಗುಟ್ಟು' ಎಂದು ಹೂವಿನ ಅಕ್ಷರದಲ್ಲಿ ಬರೆದಿದ್ದ.

"ಬರ್ರಿ ಮಾವಾ," ಎಂದ ಪ್ರಭುರಾಜ. ರೀ ಹಚ್ಚಿದ್ದೇ ಕೆಟ್ಟ ಸೂಚನೆ. "ಚಪ್ಪಾಳಿ ಭಾಳ ಬಿದ್ವಲ್ರಿ."

ಅತ್ತೆ ತಿಮ್ಮವ್ವ ಗೋಡೆಗೆ ಆತು ಕುಳಿತಿದ್ದಳು. "ನನ್ನ ಮಗಳು ಹೋಗಿದ್ದಕ್ಕ ಸಿಳ್ಳಿ ಹೊಡಸ್ಕೊಂಡು ಬಂದೀಯೇನಪ್ಪಾ? ನೀರು ಕುಡೀತೀಯೋ, ಅದೂ ಹತ್ತರ ಮಂದಿಗೆ ಬೇಕಾಗಂಗಿಲ್ಲೋ?"

"ಅತ್ತಿ, ಅದು ಹಂಗಲ್ಲ. ನಾ ಇಳಸ್ಕೊಳ್ಳಾಕ ಹೋಗಿದ್ದೆ. ಅವರು ಇಳಸಲಿಲ್ಲ. ನಾಕರ ತನಕ ಬಂದೆ ನಾನು! ನಾಕು ಅಂದ್ರೂ ಒಲ್ಲೆ ಅಂದ್ರು!"

"ನಾಕು?" ಅಡುಗೆಮನೆಯ ಒಳಗಿನಿಂದ ಬೂದೆಮ್ಮನ ದನಿ ಬಂತು. ರೊಟ್ಟಿ ಬಡಿಯುವ ಸದ್ದು ನಿಂತಿತ್ತು. "ನಾನಿಲ್ಲದ ಮನಿಯಾಗ ಅವನಿಗೆ ನಾಕು ಇನ್ನಾ ಉಳದಾವಂತ, ಕೇಳವ್ವಾ! ನಾನಿದ್ದಾಗ ನನಗ ಮೂರು!"

ಅಂಗಳದ ಹೆಂಗಸರೆಲ್ಲ "ಖರೇ ಅದ, ಖರೇ ಅದ" ಎಂದರು. ಕನಕಪ್ಪ ಏನು ಹೇಳಿದರೂ ಅದು ಹೆಚ್ಚೇ ಆಗುತ್ತಿತ್ತು. ಬರಿಗೈಯಲ್ಲಿ ತಿರುಗಿ ಹೋದರೆ ಮತ್ತೆ ಬರುವ ದಾರಿ ಇರುವುದಿಲ್ಲ ಎಂಬುದು ಪ್ರಭುರಾಜನ ಮೀಸೆಯಲ್ಲೇ ಬರೆದಿತ್ತು.

ಆಗ ಅವನ ಫೋನು ರಿಂಗಾಯಿತು. ಸವಿತಾ. ಮಾತು ಕೊಟ್ಟಂತೆ ಮೊದಲ ಫೋನು ಅವನಿಗೇ ಮಾಡಿದ್ದಳು. ಪ್ರಭುರಾಜ ಅದನ್ನು ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಅಂಗಳದ ನಡುವಿನ ಒರಳಿನ ಮೇಲೆ ಇಟ್ಟ.

"ಕಾಕಾ, ಎರಡನೇ ಸುತ್ತು ರೀ. ಈಗ ಎಷ್ಟನೇ ಮೆಟ್ಟಲ್ದಾಗ ಅದೀರಿ?"

ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು.

"ಸೊನ್ನಿ," ಎಂದ ಕನಕಪ್ಪ.

"ಕಾಕಾ, ಸಿಟ್ಟಿಲೇ ಹೇಳಬ್ಯಾಡ್ರಿ," ಎಂದಳು ಸವಿತಾ. ಹುಡುಗಿ ಅಷ್ಟರಲ್ಲಿ ಒಂದಿಷ್ಟು ಕಲಿತಿದ್ದಳು. "ಸೊನ್ನಿ ಭಾಳ ಕಡಿಮಿ ಆತು. ಎರಡಕ್ಕ ಬರ್ರಿ."

ಎಂಥ ಹೊತ್ತಿನಲ್ಲಿ ಬಂತು ನೋಡಿ ಚೌಕಾಶಿ! ತಗಡಿನ ಮೇಲೆ ನಿಂತು ಇವನು ಎದುರು ನೋಡಿದ್ದು ಇದನ್ನೇ. ಕನಕಪ್ಪನ ನಾಲಿಗೆ ತಾನಾಗಿಯೇ ಏಳತೊಡಗಿತು. ಅದನ್ನು ಕಚ್ಚಿ ಹಿಡಿದ.

"ಇಲ್ಲವ್ವಾ. ಚೌಕಾಶಿ ಇಲ್ಲ. ಒಂದೇ ಮಾತು. ಸೊನ್ನಿ."

ಅಂಗಳದಲ್ಲಿದ್ದ ಇನ್ನೊಬ್ಬ ಕುರಿ ವ್ಯಾಪಾರಿ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರಾದರೂ ಸತ್ತಾಗ ಹಾಗೆ ಮಾಡುತ್ತಾರೆ. ಕುರಿ ವ್ಯಾಪಾರಿಯೊಬ್ಬ ಒಂದೇ ಮಾತಿಗೆ ನಿಲ್ಲುವುದನ್ನು ಚೀಕಲಪರ್ವಿ ಮೊದಲ ಸಲ ನೋಡುತ್ತಿತ್ತು.

ಬೂದೆಮ್ಮ ಬಾಗಿಲಿಗೆ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು. ಗಂಡನ ಕಡೆ ನೋಡಲಿಲ್ಲ, ಒರಳಿನ ಕಡೆ ನೋಡಿ ಕೇಳಿದಳು. "ಏ ಹುಡುಗೀ, ನಂದು ಕೇಳಂಗಿಲ್ಲೇನು? ನಾನೂ ಇದ್ದೆನಲ್ಲ ನಿನ್ನ ನಿಚ್ಚಣಿಕಿ ಮ್ಯಾಲೆ."

"ಅಯ್ಯ, ಅಕ್ಕಾ, ನೀವೂ ಅಲ್ಲೇ ಅದೀರೇನ್ರಿ? ಹೇಳ್ರಿ, ಎಷ್ಟು?"

"ಮೂರು," ಎಂದಳು ಬೂದೆಮ್ಮ.

ಎಂದು, ಸುಮ್ಮನೆ ನಿಂತಳು.

ತಿಮ್ಮವ್ವ ಅಳಿಯನನ್ನು ನೋಡಿದಳು. ಪ್ರಭುರಾಜ ಮಾವನನ್ನು ನೋಡಿದ. ಓಣಿಯೆಲ್ಲ ಕನಕಪ್ಪನನ್ನೇ ನೋಡಿತು. ಅವನ ಕಾಲಡಿ ಈ ಸಲ ತಗಡಿರಲಿಲ್ಲ, ಗಟ್ಟಿ ನೆಲವಿತ್ತು. ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ, ಮೋಡ ಸರಿದಂತೆ, ಅವನಿಗೆ ತಿಳಿಯಿತು.

"ಮೂರ್ಯಾಕಬೇ?" ಎಂದ. "ಮೂರು ಯಾರಿಗಿ ಬೇಕು? ಒಂಬತ್ತು ಬರಿಯವ್ವಾ ಸವಿತಾ!"

"ಒಂಬತ್ತ್ಯಾತಕ್ಕ?" ಬೂದೆಮ್ಮ ತಿರುಗಿ ಬಿದ್ದಳು. "ಒಂಬತ್ತು ಹೇಳುವಂಥಾದ್ದು ಏನ್ ಮಾಡಿಟ್ಟೀದಿ? ನಾಕು!"

"ನಾಕು ಅಂದ್ರ ನನ್ನ ಮಾನ ಹೋಗ್ತದ. ಬಣ್ಣ ಹಚ್ಚಿದ ಮನಿ ಅದ, ಗಂಜಿ ಹಾಕಿದ ಸೀರಿ ಅದಾವ. ಎಂಟೂವರಿ!"

"ಮಳಿ ಬಂದ್ರ ಸೋರ್ತದ ಆ ಮನಿ! ಐದು!"

"ಸೋರೋದು ಈ ವರ್ಷ ಮುಚ್ಚಸ್ತೀನಿ. ಎಂಟು!"

"ಮುಚ್ಚಿಸಿದ ಮ್ಯಾಲೆ ಎಂಟು. ಈಗ ಆರು!"

ಮುಖ ಗಂಟಿಕ್ಕಿಕೊಂಡಿದ್ದರೂ ಆಕೆಯ ಕಣ್ಣು ನಗತೊಡಗಿತ್ತು. ಹಿಟ್ಟಿನ ಕೈ ಸೊಂಟಕ್ಕೆ ಹೋಗಿತ್ತು. ಇಬ್ಬರೂ ಒಂದೊಂದೇ ಹೆಜ್ಜೆ ಮುಂದೆ ಬಂದು ಒರಳಿನ ಎರಡೂ ಕಡೆ ನಿಂತಿದ್ದರು. ಫೋನಿನೊಳಗೆ ಸವಿತಾ "ಕಾಕಾ, ಹಂಗ ಮಾಡಬಾರದು ರೀ, ಅಕ್ಕಾ, ನಿಮ್ಮದು ನೀವೇ ಹೇಳಬೇಕು ರೀ, ಸಂಶೋಧನಾ ಕೆಡ್ತದ" ಎಂದು ಕೂಗಿಕೊಳ್ಳುತ್ತಿದ್ದಳು. ಅತ್ತ ಯಾರ ಗಮನವೂ ಇರಲಿಲ್ಲ. ಓಣಿ ಎರಡು ಭಾಗವಾಗಿ ಅರ್ಧ ಮಂದಿ ಆರಕ್ಕೆ, ಅರ್ಧ ಮಂದಿ ಎಂಟಕ್ಕೆ ಒದರುತ್ತಿತ್ತು.

ತಿಮ್ಮವ್ವ ಗೋಡೆ ಹಿಡಿದು ಎದ್ದಳು. "ಏಳಕ್ಕ ಬಿಡವ್ವಾ ಬೂದೀ. ಕಡೀ ಬಸ್ಸು ತಪ್ತದ."

ಬೂದೆಮ್ಮ ಯೋಚಿಸಿದಳು. ಗಂಡನನ್ನು ಕಾಲಿನಿಂದ ತಲೆಯವರೆಗೆ, ಟಗರು ನೋಡುವ ಹಾಗೆ ನೋಡಿದಳು. "ಏಳು," ಎಂದಳು. "ಅವ್ವ ಅಂದ್ಲಂತ."

ಪ್ರಭುರಾಜ ಒಳಗೆ ಹೋಗಿ ಅಕ್ಕನ ಕೈಚೀಲ ತಂದು ಹೊರಗಿಟ್ಟ.

"ಹಂಗಾರ ಏಳು ಬರಕೊಂಡೆ ರೀ ಅಕ್ಕಾ," ಎಂದು ಸವಿತಾ ಸೋತ ದನಿಯಲ್ಲಿ ಹೇಳಿದಳು. "ಕಾಕಾ, ಒಂದು ಮಾತು. ನಿಮ್ಮದು ಇನ್ನಾ ಸೊನ್ನಿನೇ ಏನ್ರಿ?"

ಕನಕಪ್ಪ ಎದೆಯುಬ್ಬಿಸಿ ಬಾಯಿ ತೆರೆದ. ಏನು ಹೇಳುತ್ತಿದ್ದನೋ, ಹತ್ತಕ್ಕಿಂತ ಮೇಲೆ ಯಾವುದಾದರೂ ಸಂಖ್ಯೆ ಇದ್ದರೆ ಅದನ್ನೇ ಹೇಳುತ್ತಿದ್ದನೋ ಏನೋ. ಬೂದೆಮ್ಮ ಹಿಟ್ಟಿನ ಕೈಯಿಂದ ಅವನ ಬಾಯಿ ಮುಚ್ಚಿದಳು.

"ಅವಂದು ನಾ ಹೇಳ್ತೀನಿ ತಡಿ," ಎಂದಳು ಫೋನಿಗೆ. "ಆರು. ನನಗಿಂತ ಒಂದು ಮೆಟ್ಟಲು ಕೆಳಗ."

"ಅಕ್ಕಾ, ಅವರದು ಅವರೇ ಹೇಳಬೇಕು ರೀ!"

ಬೂದೆಮ್ಮ ಕೈ ತೆಗೆದಳು. ಕನಕಪ್ಪನ ಮೀಸೆ, ಗದ್ದ ಎಲ್ಲ ಬೆಳ್ಳಗಾಗಿತ್ತು. ಅವನು ಹೆಂಡತಿಯ ಮುಖ ನೋಡಿದ, ಕೈಚೀಲ ನೋಡಿದ, ಒರಳಿನ ಕಡೆ ಬಾಗಿದ.

"ಬರಕೊಳ್ಳವ್ವಾ," ಎಂದ. "ಇದಕ್ಕಿಂತ ಹೆಚ್ಚಿಗಿ ನನಗ ಬ್ಯಾರೆ ಯಾರೂ ಕೊಡಂಗಿಲ್ಲ."